ಸಾಲ ಕೊಡೋದಾ, ಮೇಕೆ ಕೊಡೋದಾ?

ಮುಂಗಾರು: ಬಡ ಮನೆಗಳ ದುಡಿಮೆಗೆ ಅಂತ ಬಂದ ನಿಧಿಯನ್ನು ಸಣ್ಣ ಸಾಲವಾಗಿ ಕೊಡಬೇಕೋ, ಮೇಕೆಯನ್ನೋ ಹೊಲಿಗೆ ಯಂತ್ರವನ್ನೋ ಹಾಗೇ ಕೊಟ್ಟುಬಿಡಬೇಕೋ? ನನ್ನ ಮತ ಸಾಲಕ್ಕೆ. ಒಬ್ಬರು ತೀರಿಸಿದ ದುಡ್ಡು ಇನ್ನೊಬ್ಬರಿಗೆ ಸಿಗುತ್ತದೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಬೆಳೆದದ್ದು ಹೀಗೇ ಅಲ್ವಾ? 2006ರಲ್ಲಿ ಅದಕ್ಕೂ ಮುಹಮ್ಮದ್ ಯೂನುಸ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಸೂಜಿದಾರ: ಕಂತು ಯಾವಾಗ ಶುರುವಾಗುತ್ತದೆ ನೋಡಿ. ಎಷ್ಟೋ ಕಡೆ ಒಂದೆರಡು ವಾರಕ್ಕೇ. ಮೇಕೆ ಗಬ್ಬ ನಿಂತ ಮೇಲೆ ಮರಿ ಹಾಕೋಕೆ ಐದು ತಿಂಗಳು ಬೇಕು. ನನಗೆ ಗೊತ್ತಿರುವ ಒಬ್ಬರು ಸಾಲ ಮಾಡಿ ಹೊಲಿಗೆ ಯಂತ್ರ ತಂದರು. ಕೈ ಪಳಗುವ ಮೊದಲೇ ಕಂತಿನ ದಿನ ಬಂತು. ಒಂದು ಕಂತಿಗೆ ಓಲೆ ಅಡ ಇಟ್ಟರು. ಆಮೇಲೆ ಯಂತ್ರವನ್ನೇ ಮಾರಿದರು. ಈಗ ಕೂಲಿಗೆ ಹೋಗುತ್ತಾರೆ, ಸಾಲ ಇನ್ನೂ ತೀರಿಲ್ಲ.

ಲೆಕ್ಕದ ಪುಸ್ತಕ: ಇದನ್ನು ಅಳೆದು ನೋಡಿದ್ದಾರೆ. ಭಾರತ, ಮೆಕ್ಸಿಕೊ, ಮೊರಾಕೊ ಸೇರಿ ಆರು ದೇಶಗಳ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಬಂದವು. ಸಣ್ಣ ಸಾಲದಿಂದ ಸ್ವಲ್ಪ ಅನುಕೂಲ ಆಗಿತ್ತು, ಬಡತನ ನೀಗುವಷ್ಟಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಬೇರೆ ದಾರಿ ಹಿಡಿಯಿತು. ಕಡುಬಡವರಿಗೆ ಮೇಕೆಯೋ ಹಸುವೋ ಕೊಡೋದು, ಅದರಿಂದ ಆದಾಯ ಬರುವ ತನಕ ಊಟದ ಖರ್ಚಿಗೆ ಒಂದಿಷ್ಟು ಹಣ, ತರಬೇತಿ, ಉಳಿತಾಯ. ಜೊತೆಗೆ ಒಬ್ಬರು ಆಗಾಗ ಮನೆಗೇ ಬಂದು ವಿಚಾರಿಸುತ್ತಾರೆ. ಸುಮಾರು ಎರಡು ವರ್ಷ ಹೀಗೆ. ಇದನ್ನು ಬೇರೆ ಆರು ದೇಶಗಳಲ್ಲಿ ಪರೀಕ್ಷಿಸಿದಾಗ, ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳ ಸ್ಥಿತಿ ಉಳಿದವರಿಗಿಂತ ಚೆನ್ನಾಗಿತ್ತು.

ಮುಂಗಾರು: ಎಲ್ಲ ಕಡೆಯೂ?

ಲೆಕ್ಕದ ಪುಸ್ತಕ: ಇಲ್ಲ. ಹೊಂಡುರಾಸ್‌ನಲ್ಲಿ ತುಂಬಾ ಜನ ಕೋಳಿ ಆರಿಸಿಕೊಂಡರು. ರೋಗ ಬಂದು ಎಷ್ಟೋ ಕೋಳಿ ಸತ್ತವು.

ಮುಂಗಾರು: ಅದಕ್ಕೇ ಹೇಳಿದ್ದು. ಮನೆಮನೆಗೆ ಎರಡು ವರ್ಷ ಆಳು ಕಳಿಸೋ ಖರ್ಚು ಜಾಸ್ತಿ. ಅದೇ ಹಣದಲ್ಲಿ ಇನ್ನೆಷ್ಟು ಮನೆಗಳಿಗೆ ಸಾಲ ಕೊಡಬಹುದು? ಕಂತಿನ ಅವಸರ ನಿಜವಾದ ತೊಂದರೆ, ಒಪ್ಪುತ್ತೇನೆ. ಹಾಗಾದರೆ ಮೊದಲ ಕಂತಿಗೆ ಮುಂಚೆ ಬಿಡುವು ಕೊಡೋಣ.

ಲೆಕ್ಕದ ಪುಸ್ತಕ: ಕೋಲ್ಕತ್ತಾದಲ್ಲಿ ಕೊಟ್ಟು ನೋಡಿದ್ದಾರೆ, ಎರಡು ವಾರದ ಬದಲು ಎರಡು ತಿಂಗಳು. ವ್ಯಾಪಾರಕ್ಕೆ ಹಾಕಿದ ಬಂಡವಾಳವೂ ಲಾಭವೂ ಹೆಚ್ಚಿತು. ಸಾಲ ತೀರಿಸದವರೂ ಹೆಚ್ಚಿದರು.

ಸೂಜಿದಾರ: ಆ ನಷ್ಟವನ್ನು ನಿಧಿ ಹೊರಲಿ, ಅದು ಇರುವುದೇ ಅದಕ್ಕೆ. ಅಂಥ ಬಿಡುವು ಸಿಕ್ಕಿದ್ದರೆ ಯಂತ್ರ ಮಾರಿದ ಆಕೆ ಹೊಲಿಗೆ ಕಲಿಯುತ್ತಿದ್ದರು. ಆದರೆ ಆ ಎರಡು ತಿಂಗಳು ಊಟಕ್ಕೇನು, ಮುಂಗಾರು ಅವರೇ? ಅದಕ್ಕೂ ಹಣ ಇಟ್ಟರೆ ನಾನು ಸಾಲಕ್ಕೆ ಒಪ್ಪುತ್ತೇನೆ.