ಟೆಲಿಸ್ಕೋಪ್ ಕನ್ನಡಿಯ ಸಾಮಾನು: ಸಣ್ಣ ಸಪ್ಲೈಯರ್‌ಗೆ ಮೊದಲೇ ದುಡ್ಡು ಕೊಡಬಹುದಾ?

ರಾಯಚೂರು_ರಾತ್ರಿ:
ಎಲ್ಲರಿಗೂ ನಮಸ್ಕಾರ. 6 ಇಂಚಿನ ಕನ್ನಡಿ ಕೈಯಲ್ಲೇ ಉಜ್ಜಿ ಟೆಲಿಸ್ಕೋಪ್ ಮಾಡಬೇಕು ಅಂತ ಬಹಳ ದಿನದ ಆಸೆ. ದಪ್ಪ ಗಾಜು, ಉಜ್ಜೋಕೆ ಕಾರ್ಬೊರಂಡಮ್ ಪುಡಿ, ಪಾಲಿಶ್‌ಗೆ ಪಿಚ್, ಸೀರಿಯಂ ಆಕ್ಸೈಡ್ ಎಲ್ಲಾ ಒಟ್ಟಿಗೆ ಕೊಡುವವರು ಒಬ್ಬರು ಸಿಕ್ಕಿದ್ದಾರೆ. ಮನೆಯಿಂದಲೇ ಒಬ್ಬರೇ ನಡೆಸ್ತಾರಂತೆ, ಪೂರ್ತಿ ದುಡ್ಡು ಮೊದಲೇ ಕಳಿಸಬೇಕು. ಹಿಂದೆ ಒಂದು ಕಡೆ ಬೈನಾಕ್ಯುಲರ್ ತರಿಸಿದ್ದೆ. ಅದರಲ್ಲಿ ಎರಡೆರಡು ಚಂದ್ರ ಕಾಣ್ತಿತ್ತು. ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಅದಕ್ಕೇ ಭಯ. ಇಂಥವರ ಹತ್ರ ತಗೊಂಡವರು ಇದ್ದೀರಾ?

ಕೊಪ್ಪಳ_ಮೇಷ್ಟ್ರು:
ನಾನು ತಗೊಂಡಿದ್ದೇನೆ, ಧೈರ್ಯವಾಗಿ ಹೇಳ್ತೀನಿ ಕೇಳಿ. ನಾನು ತರಿಸಿದ್ದೂ ಹೀಗೇ ಮನೆಯಿಂದ ನಡೆಸುವವರ ಹತ್ರ. ಶಾಲೆಯ ಮಕ್ಕಳ ಜೊತೆ 6 ಇಂಚಿನದ್ದೇ ಉಜ್ಜುತ್ತಿದ್ದೆವು. 80, 120, 220 ನಂಬರ್ ಪುಡಿ (ನಂಬರ್ ಹೆಚ್ಚಿದಷ್ಟೂ ನುಣ್ಣಗೆ) ಮುಗಿದು 400ಕ್ಕೆ ಬಂದಾಗ, ಒಂದರ ಮೇಲೊಂದು ಇಟ್ಟು ಉಜ್ಜುವ ಎರಡು ಗಾಜುಗಳ ನಡುವೆ 'ಕರ್' ಅಂತ ಒಂದು ಸದ್ದು. ತೆಗೆದು ತೊಳೆದು ನೋಡಿದರೆ ನಡುವೆಯೇ ಉದ್ದ ಗೀರು. ಮಕ್ಕಳ ಮುಖ ನೋಡಲಾಗಲಿಲ್ಲ. ನುಣ್ಣನೆ ಪುಡಿಯಲ್ಲಿ ದಪ್ಪ ಕಾಳು ಒಂದೇ ಒಂದು ಬಂದರೂ ಸಾಕು, ಹೀಗಾಗುತ್ತೆ.

ಆ ಸಂಜೆ ಅವರಿಗೆ ಫೋನ್ ಮಾಡಿದೆ. ವಾದ ಇಲ್ಲ, ಏನಿಲ್ಲ. 'ಉಗುರಿಗೆ ಗೀರು ತಾಗುತ್ತಾ, ನೋಡಿ' ಅಂದರು. ತಾಗುತ್ತೆ ಅಂದೆ. 'ಹಾಗಾದರೆ 220ಕ್ಕೆ ವಾಪಸ್ ಹೋಗಿ. ಪುಡಿ ತುಂಬುವಾಗ ನನ್ನ ಕೈಯಲ್ಲೇ ಬೆರೆತಿರಬಹುದು, ಎರಡೂ ನಂಬರ್ ಹೊಸದಾಗಿ ಕಳಿಸ್ತೀನಿ' ಅಂದರು. ಕೊರಿಯರ್ ಖರ್ಚೂ ಅವರದ್ದೇ.

ಇನ್ನೊಂದು ಮಾತು, ನನಗೆ ಇದೇ ದೊಡ್ಡದು. ನಿಮ್ಮೂರಲ್ಲಿ ಈಗ ಬಿಸಿಲು ಎಷ್ಟು ಅಂತ ಕೇಳಿದರು. ಏಪ್ರಿಲ್ ತಿಂಗಳು, 40 ಡಿಗ್ರಿ ದಾಟಿತ್ತು. ಪಾಲಿಶ್ ಮಾಡೋಕೆ ಹಚ್ಚುವ ಪಿಚ್ ಡಾಂಬರಿನಂಥದ್ದು, ಸೆಕೆಗೆ ಮೆತ್ತಗಾಗಿ ಅದರಲ್ಲಿ ಕೊರೆದ ಕಾಲುವೆಗಳೆಲ್ಲ ಮುಚ್ಚಿಕೊಳ್ಳುತ್ತವೆ, ಆಮೇಲೆ ಕನ್ನಡಿಯ ಆಕಾರವೇ ಕೆಡುತ್ತೆ. ಅದಕ್ಕೆ ಗಟ್ಟಿ ಪಿಚ್ ಬೇರೆ ಕಳಿಸಿದರು, ಬೆಳಗಿನ ಜಾವ ತಂಪು ಹೊತ್ತಲ್ಲೇ ಕೆಲಸ ಮಾಡಿ ಅಂದರು. ನಾನು ಕೇಳಿರಲೇ ಇಲ್ಲ ರೀ, ಅವರೇ ಯೋಚನೆ ಮಾಡಿದ್ದು.

ಬಳ್ಳಾರಿ_ಗುಡ್ಡ:
ನನಗೂ ಇಂಥವರೇ ಒಬ್ಬರು ಸಿಕ್ಕಿದ್ದರು. 10 ಇಂಚಿನದ್ದು ಕೇಳಿದರೆ ಕೊಡಲೇ ಇಲ್ಲ! ಮೊದಲು 6 ಮುಗಿಸಿ, ಅದು ಕೈಗೆ ಹತ್ತಿದ ಮೇಲೆ ಬನ್ನಿ ಅಂದರು. ಆಗ ಬೇಜಾರಾಗಿತ್ತು, ಈಗ ಅವರ ಮಾತು ಸರಿ ಅನಿಸುತ್ತೆ. ಒಂದೇ ತೊಂದರೆ, ತಡ. ಮೂರು ವಾರ ಆಯ್ತು. ಆದರೆ ಮೂರು ವಾರ ಅಂತ ಮೊದಲೇ ಹೇಳಿದ್ದರು. ದುಡ್ಡು ಕಳಿಸೋ ಮುಂಚೆ ನೀವೂ ಒಂದು ಸಲ ಫೋನ್ ಮಾಡಿ, ಸುಮ್ನೆ ಬೆಲೆ ಹೇಳಿ ಇಡ್ತಾರಾ, ನಿಮ್ಮ ಕೆಲಸದ ಬಗ್ಗೆ ಕೇಳ್ತಾರಾ ನೋಡಿ.

ರಾಯಚೂರು_ರಾತ್ರಿ:
ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಮಾತಾಡಿದೆ. ಅರ್ಧ ಗಂಟೆ! ಗಾಜು ಯಾವುದರ ಮೇಲೆ ಇಡ್ತೀರಿ, ಸುತ್ತಲೂ ನಡೆದಾಡೋಕೆ ಜಾಗ ಇದೆಯಾ, ಹತ್ತಿರ ಮರಳು, ಧೂಳು ಏನಾದ್ರೂ ಇದೆಯಾ ಅಂತೆಲ್ಲ ಕೇಳಿದರು. ಮೇಜು ಅಲುಗಾಡುತ್ತೆ ಅಂದಿದ್ದಕ್ಕೆ ಹಳೇ ಎಣ್ಣೆ ಡ್ರಮ್ ತಂದು ನೀರು ತುಂಬಿ ನಿಲ್ಲಿಸಿ ಅಂದರು. ದುಡ್ಡು ಕಳಿಸಿದೆ. ನಾಳೆ ಗುಜರಿಗೆ ಹೋಗಿ ಡ್ರಮ್ ನೋಡಬೇಕು.