ಗೇಮ್‌ನಲ್ಲಿ ಓಡುವ ಕೈ ಗಿಟಾರ್ ಮೇಲೆ ಓಡುತ್ತಿಲ್ಲ, ಅನುಭವ ಇರುವವರು ಹೇಳಿ

ಪ್ರಶ್ನೆ:
ಮೂರು ವರ್ಷದಿಂದ ಗಿಟಾರ್ ಹೀರೋ ಥರದ, ಪರದೆ ಮೇಲೆ ಇಳಿದು ಬರುವ ನೋಟ್‌ಗೆ ತಕ್ಕ ಹಾಗೆ ಬಟನ್ ಒತ್ತುವ ಗೇಮ್ ಆಡುತ್ತಿದ್ದೇನೆ. ಎಕ್ಸ್‌ಪರ್ಟ್ ಹಂತದಲ್ಲಿ ಎಷ್ಟೋ ಹಾಡುಗಳನ್ನು ಒಂದು ನೋಟ್ ಕೂಡ ಬಿಡದೆ ಮುಗಿಸಿದ್ದೇನೆ. ಅದೇ ಹುಮ್ಮಸ್ಸಿನಲ್ಲಿ ಆರು ವಾರದ ಹಿಂದೆ ನಿಜವಾದ ಗಿಟಾರ್ ತಗೊಂಡೆ. ಸಿ ಕಾರ್ಡ್‌ನಿಂದ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಜಿ ಕಾರ್ಡ್‌ಗೆ ಬೆರಳು ಹೋಗುವಷ್ಟರಲ್ಲಿ ಹಾಡು ಎಲ್ಲೋ ಮುಂದೆ ಹೋಗಿರುತ್ತದೆ. ಬೆರಳ ತುದಿಯೆಲ್ಲ ಉರಿ. ನಾಲ್ಕು ದಿನದಿಂದ ಗಿಟಾರ್ ಮುಟ್ಟಿಲ್ಲ, ಮತ್ತೆ ಗೇಮ್ ಹಿಡಿದು ಕೂತಿದ್ದೇನೆ. ಮೂರು ವರ್ಷ ಸುಮ್ನೆ ಹಾಳಾಯಿತಾ? ಗೇಮ್ ಬಿಟ್ಟರೆ ಮಾತ್ರ ಗಿಟಾರ್ ಬರುತ್ತದಾ?

ಉತ್ತರ 1:
ನಾನೂ ಇದೇ ದಾರಿಯಲ್ಲಿ ಬಂದವನು. ಹಾಳಾಗಿಲ್ಲ. ಆದರೆ ಬಂದಿರುವುದು ಗಿಟಾರ್ ಅಲ್ಲ, ಲಯ.

2005ರ ಮೊದಲ ಗಿಟಾರ್ ಹೀರೋದಲ್ಲಿ ಇದ್ದದ್ದು ಐದು ಬಣ್ಣದ ಬಟನ್, ಮೀಟುವುದಕ್ಕೆ ಒಂದು ಪಟ್ಟಿ. ಹಾಡು ಆಗಲೇ ರೆಕಾರ್ಡ್ ಆಗಿದೆ. ಸರಿಯಾದ ಹೊತ್ತಿಗೆ ಒತ್ತಿದರೆ ಗಿಟಾರ್ ಕೇಳುತ್ತದೆ, ತಪ್ಪಿದರೆ ಅದೊಂದು ಭಾಗ ಮಾಯ. ನಲ್ಲಿ ತಿರುಗಿಸಿದ ಹಾಗೆ, ನೀರು ಪೈಪಿನಲ್ಲೇ ಕಾಯುತ್ತಿರುತ್ತದೆ. ಗಿಟಾರ್‌ನಲ್ಲಿ ಬಾವಿಯಿಂದ ಸೇದಬೇಕು. ಮೊದಲ ದಿನವೇ ಒಂದು ಇಡೀ ಹಾಡಿನೊಳಗೆ ನಿಂತ ಖುಷಿ ಗೇಮ್ ಕೊಡುತ್ತದೆ. ಆ ಖುಷಿ ಸುಳ್ಳಲ್ಲ, ನನಗೆ ಸಂಗೀತದ ಹುಚ್ಚು ಹಿಡಿದದ್ದೇ ಅಲ್ಲಿಂದ. ಗಿಟಾರ್‌ನಲ್ಲಿ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟೇ.

ನಿಮ್ಮ ಸಿ ಕಾರ್ಡನ್ನೇ ನೋಡೋಣ. ಹಿಡಿದು ಒಂದೊಂದೇ ತಂತಿ ಮೀಟಿ. ಉಂಗುರ ಬೆರಳು ಸ್ವಲ್ಪ ಮಲಗಿದರೂ ಪಕ್ಕದ ತಂತಿ 'ಟಪ್' ಅಂತ ಸತ್ತು ಹೋಗುತ್ತದೆ. ತೋರು ಬೆರಳು ತಗ್ಗಿದರೆ ಎಲ್ಲಕ್ಕಿಂತ ಸಣ್ಣ ತಂತಿ ಮೂಕ. ಬಟನ್‌ಗೆ ಇದ್ಯಾವುದೂ ಇಲ್ಲ, ಹೇಗೆ ಒತ್ತಿದರೂ ಒತ್ತಿದ ಲೆಕ್ಕ. ಹೆಬ್ಬೆರಳನ್ನು ಗಿಟಾರ್ ಕತ್ತಿನ ಹಿಂದೆ ಇಳಿಸಿ, ಬೆರಳನ್ನು ಬಗ್ಗಿಸಿ ತುದಿಯಿಂದ ಒತ್ತಿ, ಫ್ರೆಟ್ ಪಟ್ಟಿಯ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹಿಂದೆಯೇ, ಅದಕ್ಕೆ ಹತ್ತಿರ. ಅಷ್ಟು ಮಾಡಿದರೆ ಅರ್ಧ ಬಲ ಸಾಕು. ನಾನು ಎರಡು ತಿಂಗಳು ಸುಮ್ಮನೆ ಹಿಂಡುತ್ತಿದ್ದೆ!

ಇನ್ನೊಂದು ವಿಷಯ. ಗೇಮ್‌ನಲ್ಲಿ ಕಷ್ಟದ ಸೋಲೋ ಬಂದರೆ ಏನು ಮಾಡುತ್ತಿದ್ದಿರಿ? ಪ್ರಾಕ್ಟೀಸ್ ಮೋಡ್‌ಗೆ ಹೋಗಿ, ವೇಗ ಇಳಿಸಿ, ಆ ನಾಲ್ಕು ಸೆಕೆಂಡನ್ನೇ ಮೂವತ್ತು ಸಲ ಆಡುತ್ತಿದ್ದಿರಿ, ಅಲ್ವಾ? ಅದೇ ನಿಮ್ಮ ಆಸ್ತಿ. ಗಿಟಾರ್‌ಗೂ ಅದನ್ನೇ ತನ್ನಿ. ಪೂರ್ತಿ ಹಾಡು ಬೇಡ. ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೋನೋಮ್ ಅನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಎರಡೇ ಕಾರ್ಡ್ ಬದಲಿಸಿ, ಒಂದು ನಿಮಿಷಕ್ಕೆ ಎಷ್ಟು ಸಲ ಆಯಿತು ಅಂತ ಬರೆದಿಡಿ. ಅಂಕ ಏರುವುದನ್ನು ನೋಡುವ ಚಟ ನಿಮಗೆ ಆಗಲೇ ಇದೆ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಗೇಮ್ ಬಿಡಬೇಡಿ. ಗಿಟಾರ್ ಮೊದಲು, ಗೇಮ್ ಆಮೇಲೆ. ಹಿಂದುಮುಂದಾದರೆ ಗಿಟಾರ್ ಮೂಲೆ ಸೇರುತ್ತದೆ.

ಉತ್ತರ 2:
ನಾನು ಡ್ರಮ್ಸ್ ಕಡೆಯವಳು. ಅಲ್ಲಿ ಕಥೆ ಬೇರೆ. 2007ರ ರಾಕ್ ಬ್ಯಾಂಡ್ ಅನ್ನುವ ಗೇಮ್‌ನಲ್ಲಿ ನಾಲ್ಕು ಪ್ಯಾಡ್, ಒಂದು ಪೆಡಲ್. ಎಕ್ಸ್‌ಪರ್ಟ್‌ನಲ್ಲಿ ಹೊಡೆಯುವುದು ನಿಜವಾದ ಡ್ರಮ್ಸ್ ನುಡಿಸುವುದಕ್ಕೆ ತುಂಬಾ ಹತ್ತಿರ. ಬಲಗೈ ಒಂದು ಲೆಕ್ಕ, ಕಾಲು ಇನ್ನೊಂದು ಲೆಕ್ಕ, ಇದು ನನಗೆ ಗೇಮ್‌ನಲ್ಲೇ ಕೂಡಿ ಬಂತು. ಬಾರದಿದ್ದದ್ದು ಮೆತ್ತಗೆ ಹೊಡೆಯುವುದು. ಪ್ಯಾಡ್ ಕೇಳುವುದು ಬಿತ್ತೋ ಇಲ್ಲವೋ ಅಂತ ಮಾತ್ರ.

ಮೊದಲ ಸಲ ನಾಲ್ಕು ಜನರ ಜೊತೆ ಕೂತಾಗ ನಾನು ಎದುರಿನ ಗೋಡೆ ನೋಡುತ್ತಿದ್ದೆ. ಮೇಲಿನಿಂದ ಇಳಿದು ಬರುವ ನೋಟ್‌ಗಳೇ ಇಲ್ಲ! ಬೇಸ್ ಗಿಟಾರ್ ನುಡಿಸುವವರು ಒಂದು ಕಡೆ ಸ್ವಲ್ಪ ಹಿಂದೆ ಎಳೆದರು, ನಾನು ನನ್ನ ವೇಗದಲ್ಲೇ ಹೋದೆ, ಹಾಡು ಬಿದ್ದೇ ಹೋಯಿತು. ಗೇಮ್‌ನಲ್ಲಿ ಹಾಡು ಯಾರಿಗೂ ಕಾಯುವುದಿಲ್ಲ, ಮನುಷ್ಯರು ಒಬ್ಬರಿಗೊಬ್ಬರು ಕಾಯುತ್ತಾರೆ. ಅದನ್ನು ಕಲಿಯಲು ಜನರ ಜೊತೆ ನುಡಿಸುವುದು ಬಿಟ್ಟು ಬೇರೆ ದಾರಿ ನನಗೆ ಸಿಗಲಿಲ್ಲ.

ಉತ್ತರ 3:
ಹದಿನೈದು ವರ್ಷ ಕೀಬೋರ್ಡ್ ನುಡಿಸಿದ್ದೇನೆ, ಈಗಲೂ ನುಡಿಸುತ್ತೇನೆ. ಆದರೂ ಸುಸ್ತಾದ ದಿನ ನನಗೆ ಬೇಕಾಗುವುದು ಬೀಟ್ ಸೇಬರ್, ವಿಆರ್ ಕನ್ನಡಕ ಹಾಕಿಕೊಂಡು ತಾಳಕ್ಕೆ ಸರಿಯಾಗಿ ಕೈ ಬೀಸಿ ಎದುರು ಬರುವ ಬ್ಲಾಕ್‌ಗಳನ್ನು ಕತ್ತರಿಸುವ ಗೇಮ್. ಕೀಬೋರ್ಡ್ ಮುಂದೆ ಕೂತರೆ ನನ್ನ ತಪ್ಪುಗಳೇ ಕಿವಿಗೆ ಬೀಳುತ್ತವೆ. ಗೇಮ್‌ನಲ್ಲಿ ಹಾಡು ನನ್ನ ಮೈಯೊಳಗೆ ಓಡುತ್ತದೆ. ಅದನ್ನು ಕೀಳಾಗಿ ನೋಡಬೇಡಿ.

ಉತ್ತರ 4:
ಗಿಟಾರ್ ಹೇಳಿಕೊಡುತ್ತೇನೆ. ಗೇಮ್ ಆಡಿ ಬಂದವರು ಸಾಮಾನ್ಯವಾಗಿ ತಾಳ ತಪ್ಪುವುದು ಕಡಿಮೆ. ಕಣ್ಣಿಗೆ ಮಾತ್ರ ಜಾಸ್ತಿ ಅಂಟಿಕೊಂಡಿರುತ್ತಾರೆ. ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿ ನುಡಿಸಿ. ಶುರುವಿಗೆ ಇ ಮೈನರ್ ಕಾರ್ಡ್ ಹಿಡಿಯಿರಿ, ಎರಡೇ ಬೆರಳು ಸಾಕು. ತುದಿಯ ಉರಿ ಕೆಲವು ವಾರದಲ್ಲಿ ಕಡಿಮೆಯಾಗುತ್ತದೆ, ಆದರೆ ನಾಲ್ಕು ದಿನ ಬಿಟ್ಟು ಬಿಟ್ಟು ನುಡಿಸಿದರೆ ಚರ್ಮ ಗಟ್ಟಿಯಾಗುವುದಿಲ್ಲ. ತಂತಿ ತೀರಾ ಎತ್ತರದಲ್ಲಿದ್ದರೆ ಗೊತ್ತಿರುವವರ ಕೈಯಲ್ಲಿ ಇಳಿಸಿಕೊಳ್ಳಿ. ಎಷ್ಟೋ ಜನ ಗಿಟಾರ್ ಬಿಟ್ಟದ್ದು ಅದೊಂದೇ ಕಾರಣಕ್ಕೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ 50ರಲ್ಲಿ ಇಟ್ಟು ನೋಡಿದೆ. ಇ ಮೈನರ್‌ನಿಂದ ಸಿ, ನಿಮಿಷಕ್ಕೆ ಒಂಬತ್ತು ಸಲ. ಹೆಬ್ಬೆರಳು ಇಳಿಸಿದ ಮೇಲೆ ಸಣ್ಣ ತಂತಿ ಮಾತಾಡಿತು. ಉಂಗುರ ಬೆರಳ ಪಕ್ಕದ್ದು ಇನ್ನೂ 'ಟಪ್' ಅಂತಲೇ ಇದೆ. ಊಟ ಮುಗಿಸಿ ಮತ್ತೆ ಕೂರುತ್ತೇನೆ.