ಪಿನಾಕಿನಿ 600 ಮೀಟರ್ ದಾಟಿದ ರಾತ್ರಿ

ಗೌರಿಬಿದನೂರಿನ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದದ್ದು. ನಡುನಡುವೆ ಬಂದ ಗುಡ್ ನೈಟ್ ಗುಲಾಬಿಗಳನ್ನು ಮಾತ್ರ ತೆಗೆದಿದ್ದೇನೆ.

ಹಿಂದೂಪುರದ ಅತ್ತೆ: *ಎಚ್ಚರ!! ಉತ್ತರ ಪಿನಾಕಿನಿ ನೀರಿನ ಮಟ್ಟ 600 ಮೀಟರ್ ದಾಟಿದೆ!! ಎಲ್ಲರಿಗೂ ಕಳಿಸಿ* ಅಯ್ಯೋ, ನಿಮ್ಮ ಕಡೆ ತುಂಬಿದ್ರೆ ನಮ್ಮ ಕಡೆಗೇ ಅಲ್ವೇನ್ರೋ ಬರೋದು?

ಸೀನ: ಅತ್ತೆ, ಯಾರು ಹಾಕಿದ್ದು? ಯಾವತ್ತಿಂದು?

ಅತ್ತೆ: ನಮ್ಮ ಬೀದಿ ಗುಂಪಲ್ಲಿ ಬಂತಪ್ಪ. ರಿಟೈರ್ಡ್ ಮೇಷ್ಟ್ರು ಸುಳ್ಳು ಹಾಕ್ತಾರಾ?

ಸೀನ: ಅದು ಆಳ ಅಲ್ಲ, ಸಮುದ್ರ ಮಟ್ಟದಿಂದ ಎತ್ತರ. ಹೊಳೆ ಬತ್ತಿ ಬರೀ ಮರಳಿದ್ರೂ ನಮ್ಮೂರಲ್ಲಿ 600ರ ಮೇಲೇ. ಅಷ್ಟು ಆಳ ಇದ್ದಿದ್ರೆ ನಂದಿಬೆಟ್ಟದ ತುದಿ ಅಷ್ಟೇ ಕಾಣ್ತಿತ್ತು. ಅಪಾಯದ ಮಟ್ಟ ಎಷ್ಟು, ಗಂಟೆಗೆ ಎಷ್ಟು ಏರ್ತಿದೆ, ಅದನ್ನ ನೋಡಿ.

ದೊಡ್ಡಪ್ಪ: ನಾಕಕ್ಷರ ಕಲಿತೆ ಅಂತ ಹಿರಿಯರ ಬಾಯಿ ಮುಚ್ಚಿಸಬೇಡ. ಗಂಗಮ್ಮನ ಪೂಜೆ ಬಿಟ್ಟು ಮರಳು ಬಗೆದಿದ್ದಕ್ಕೇ ಇದೆಲ್ಲ.

ರಮೇಶ: ಬಗೆದೋರು ಯಾರು ಅಂತ ಹೆಸರೂ ಹೇಳಿಬಿಡಿ ದೊಡ್ಡಪ್ಪ.

(ಬಹಳ ಹೊತ್ತು ಸದ್ದಿಲ್ಲ. ನೀಲಿ ಟಿಕ್ ಮಾತ್ರ ಎಲ್ಲರದೂ ಬಿತ್ತು.)

ಮಂಜು: ಚಿಕ್ಕೋರಿದ್ದಾಗ ಆ ಮರಳಲ್ಲೇ ಒರತೆ ತೋಡಿ ಚಿಪ್ಪಲ್ಲಿ ನೀರು ಮೊಗೀತಿದ್ವಿ, ನೆನಪಿದ್ಯಾ? ಮನೆಗೆ ಬಂದ್ರೆ ಅಜ್ಜಿ ಮುದ್ದೆ, ಬಸ್ಸಾರು...

ಸೀನ: ಮರಳಿನ ಮಾತು ಬಂತಲ್ಲ, ಕೇಳಿ. ನೀರಿನ ಅಗಲ, ಆಳ, ವೇಗ ಅಳೆದು, ಇಷ್ಟು ಮಟ್ಟಕ್ಕೆ ಇಷ್ಟು ಕ್ಯೂಸೆಕ್ ಅಂತ ಪಟ್ಟಿ ಮಾಡಿರ್ತಾರೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರು. ತಳದ ಮರಳು ಹೋಗಿ ಹೊಳೆ ಆಳ ಆಯ್ತು ಅಂದ್ರೆ ಆ ಪಟ್ಟಿ ಕೆಟ್ಟಂಗೇ. ಮಟ್ಟ ನೋಡಿ ಕಮ್ಮಿ ನೀರು ಅನ್ಕೋತೀವಿ, ಹರಿಯೋದು ಜಾಸ್ತಿ ಇರುತ್ತೆ.

ಮಂಜು: ಬಸ್ಸಾರಿಗೆ ಹುರುಳಿಕಾಳಾ, ಅಲಸಂದೆನಾ?

ಚಿಕ್ಕಮ್ಮ: ಹುರುಳಿ. ಅದಿರ್ಲಿ, 2021ರ ನವೆಂಬರಲ್ಲಿ ಹೊಳೆ ಬಂದಾಗ ಇದೇ ಸೀನ ಗಾಬರಿ ಬೇಡ ಅಂದಿದ್ದ. ನಮ್ಮ ಮೋಟಾರು ಕೊಚ್ಕೊಂಡೋಯ್ತು.

ಸೀನ: ಚಿಕ್ಕಮ್ಮ, ಮೋಟಾರು ದಡಕ್ಕೆ ಎಳೆದಿಡಿ ಅಂದಿದ್ದೂ ನಾನೇ.

ರಮೇಶ: ಎಳೆಯೋಕೆ ಹಗ್ಗ ಕೇಳಿದ್ರೆ ಕೊಡದೋರು ಯಾರು?

ದೊಡ್ಡಪ್ಪ: ಹಗ್ಗ ಕೊಟ್ಟಿದ್ದೆ. ಇವತ್ತಿಗೂ ವಾಪಸ್ ಬಂದಿಲ್ಲ.

ಅತ್ತೆ: ನಾನೀಗ ಮಲಗ್ಲೋ ಬೇಡ್ವೋ?

ಸೀನ: ಮಲ್ಗಿ ಅತ್ತೆ. ಈಗಷ್ಟೇ ಸೇತುವೆ ಹತ್ರ ನೋಡ್ಕೊಂಡು ಬಂದೆ, ಮಂಡಿಯುದ್ದ ನೀರಿದೆ.

ದೊಡ್ಡಪ್ಪ: ಯಾರ ಮಂಡಿ? ಫೋಟೋ ಹಾಕು.